ರಿಜಿಸ್ಟ್ರಿಯಲ್ಲಿ ಅಳಿಸಬೇಕಾದ್ದು ಯಾವುದು?

ವಿಂಡೋಸ್ ಎಕ್ಸ್‌ಪಿ ಮತ್ತು ವಿಂಡೋಸ್ 7ರ ಕಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಬಾಯಿಪಾಠವಾಗಿದ್ದ ಪರಿಹಾರವೊಂದಿತ್ತು. ಸಿಡಿ ಬರೆಯುವ ಸಾಫ್ಟ್‌ವೇರನ್ನು ತೆಗೆದುಹಾಕಿದ ಮೇಲೆ ಕೆಲವೊಮ್ಮೆ ಡಿವಿಡಿ ಡ್ರೈವೇ ‘ಮೈ ಕಂಪ್ಯೂಟರ್’ನಿಂದ ಮಾಯವಾಗುತ್ತಿತ್ತು. ಆಗ ರಿಜಿಸ್ಟ್ರಿಯಲ್ಲಿ ಸಿಡಿ-ಡಿವಿಡಿ ಡ್ರೈವ್‌ಗಳ ಕ್ಲಾಸ್ ಕೀ ತೆರೆದು, ಅಲ್ಲಿರುವ ‘ಅಪ್ಪರ್‌ಫಿಲ್ಟರ್ಸ್’ ಮತ್ತು ‘ಲೋವರ್‌ಫಿಲ್ಟರ್ಸ್’ ಎಂಬ ವ್ಯಾಲ್ಯೂಗಳನ್ನು ಅಳಿಸಿ ಮಶೀನ್ ರೀಸ್ಟಾರ್ಟ್ ಮಾಡಬೇಕು. ಮೈಕ್ರೋಸಾಫ್ಟೇ ಸೂಚಿಸಿದ ಉಪಾಯ ಇದು, ಡ್ರೈವ್ ಮರಳಿ ಬರುತ್ತದೆ. ಆದರೆ ಇದೇ ಹೆಸರಿನ ವ್ಯಾಲ್ಯೂಗಳು ಪಕ್ಕದ ಕ್ಲಾಸ್ ಕೀಗಳಲ್ಲೂ ಇವೆ. ಕೀಬೋರ್ಡಿನ ಕ್ಲಾಸಿನಲ್ಲಿರುವ ಅಪ್ಪರ್‌ಫಿಲ್ಟರ್ಸ್‌ನಲ್ಲಿ ‘ಕೆಬಿಡಿಕ್ಲಾಸ್’ ಎಂಬ ಡ್ರೈವರಿನ ಹೆಸರಿದೆ, ಮೌಸಿನದರಲ್ಲಿ ‘ಮೌಕ್ಲಾಸ್’, ಹಾರ್ಡ್ ಡಿಸ್ಕಿನದರಲ್ಲಿ ‘ಪಾರ್ಟ್‌ಎಂಜಿಆರ್’. ಪ್ರತಿ ಮಶೀನಿನಲ್ಲೂ ಕೀ ಹುಡುಕುವ ಶ್ರಮ ಯಾಕೆಂದು ‘ಅಪ್ಪರ್‌ಫಿಲ್ಟರ್ಸ್ ಎಲ್ಲಿದ್ದರೂ ಅಳಿಸು’ ಎಂದು ನಾಲ್ಕು ಸಾಲಿನ ಬ್ಯಾಚ್ ಫೈಲ್ ಬರೆದರೆ ಡಿವಿಡಿ ಡ್ರೈವ್ ಸರಿಹೋಗಬಹುದು, ರೀಸ್ಟಾರ್ಟ್ ಆದ ಮೇಲೆ ಪಾಸ್‌ವರ್ಡ್ ಒತ್ತಲು ಕೀಬೋರ್ಡ್ ಇರುವುದಿಲ್ಲ. ಡಿಸ್ಕಿನದೂ ಹೋಗಿದ್ದರೆ ಲಾಗಿನ್ ಪರದೆಯವರೆಗೂ ಹೋಗಲಾಗದೆ ನೀಲಿ ಪರದೆಯಲ್ಲೇ ನಿಲ್ಲುತ್ತದೆ.

ರಿಜಿಸ್ಟ್ರಿಯಿಂದ ಒಟ್ಟಿಗೆ ಹಲವು ನಮೂದುಗಳನ್ನು ಅಳಿಸುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಕಮಾಂಡಿನ ಸುತ್ತಲೇ ತಿರುಗುತ್ತವೆ: ಯಾವ ಸ್ವಿಚ್ ಹಾಕಬೇಕು, ಲೂಪ್ ಹೇಗೆ ಬರೆಯಬೇಕು. ಅದನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ಏನನ್ನು ಅಳಿಸಬೇಕೆಂದು ಸ್ಕ್ರಿಪ್ಟಿಗೆ ತಪ್ಪಿಲ್ಲದೆ ಹೇಳುವುದು ಮಾತ್ರ ಅನುಭವಿಗಳಿಗೂ ಕಷ್ಟ. ಹುಡುಕುವುದು ಒಂದು ಕೆಲಸ, ಅಳಿಸುವುದು ಇನ್ನೊಂದು. ಇವೆರಡನ್ನೂ ಒಂದೇ ಸಾಲಿನಲ್ಲಿ ಹೊಲಿದುಬಿಡುವ ಅಭ್ಯಾಸವೇ ಹೆಚ್ಚಿನ ಅನಾಹುತಗಳ ಮೂಲವೆಂದು ನಾನು ನಂಬಿದ್ದೇನೆ. ಈ ಕೆಲಸಕ್ಕಿರುವ ದಾರಿಗಳನ್ನೆಲ್ಲ ಆ ಕಣ್ಣಿನಿಂದ ನೋಡುವುದು ಇಲ್ಲಿನ ಉದ್ದೇಶ.

ರಿಜಿಸ್ಟ್ರಿ ಮೊದಲು ಕಾಣಿಸಿಕೊಂಡದ್ದು 1992ರ ವಿಂಡೋಸ್ 3.1ರಲ್ಲಿ, ಯಾವ ಬಗೆಯ ಫೈಲನ್ನು ಯಾವ ಪ್ರೋಗ್ರಾಂ ತೆರೆಯಬೇಕೆಂಬಂಥ ಸಣ್ಣ ಮಾಹಿತಿಗಾಗಿ. 1993ರ ವಿಂಡೋಸ್ ಎನ್‌ಟಿ ಮತ್ತು ಆಮೇಲೆ ಬಂದ ವಿಂಡೋಸ್ 95 ಅದನ್ನು ಇಡೀ ವ್ಯವಸ್ಥೆಯ ದಫ್ತರವಾಗಿಸಿದವು. ಅಲ್ಲಿಯವರೆಗೆ ಪ್ರತಿ ಪ್ರೋಗ್ರಾಮಿಗೂ ಒಂದೊಂದು ಐಎನ್‌ಐ ಫೈಲ್ ಇರುತ್ತಿತ್ತು, ಬೇಡವಾದರೆ ಅದನ್ನು ಅಳಿಸಿದರೆ ಮುಗಿಯುತ್ತಿತ್ತು. ರಿಜಿಸ್ಟ್ರಿಯಲ್ಲಿ ಎಲ್ಲರ ಮಾಹಿತಿಯೂ ‘ಹೈವ್’ ಎನ್ನುವ ಕೆಲವೇ ಫೈಲುಗಳಲ್ಲಿ ಒಟ್ಟಾಗಿ ಕುಳಿತಿದೆ. ಮಶೀನಿನದು ಸಿಸ್ಟಂ32ರ ಒಳಗಿನ ಕಾನ್ಫಿಗ್ ಫೋಲ್ಡರಿನಲ್ಲಿ, ಒಬ್ಬೊಬ್ಬ ಬಳಕೆದಾರರದು ಅವರವರ ಪ್ರೊಫೈಲಿನ ಎನ್‌ಟಿಯೂಸರ್ ಡಾಟ್ ಡ್ಯಾಟ್ ಫೈಲಿನಲ್ಲಿ.

ಈ ದಫ್ತರದಲ್ಲಿ ಕೀ ಎಂದರೆ ಫೋಲ್ಡರಿನಂಥದು, ವ್ಯಾಲ್ಯೂ ಎಂದರೆ ಅದರೊಳಗಿನ ಹೆಸರು-ಡೇಟಾ ಜೋಡಿ. ಅಳಿಸುವಾಗ ಈ ವ್ಯತ್ಯಾಸ ಪ್ರಾಣಾಂತಿಕ. ‘ರೆಗ್ ಡಿಲೀಟ್’ ಕಮಾಂಡಿಗೆ ‘/ವಿ’ ಸ್ವಿಚ್ ಜೊತೆ ಹೆಸರು ಕೊಟ್ಟರೆ ಆ ಒಂದು ವ್ಯಾಲ್ಯೂ ಹೋಗುತ್ತದೆ. ‘/ವಿಇ’ ಕೊಟ್ಟರೆ ಹೆಸರಿಲ್ಲದ ಡೀಫಾಲ್ಟ್ ವ್ಯಾಲ್ಯೂ, ‘/ವಿಎ’ ಕೊಟ್ಟರೆ ಆ ಕೀಯ ಎಲ್ಲ ವ್ಯಾಲ್ಯೂಗಳು ಹೋಗುತ್ತವೆ, ಒಳಗಿನ ಕೀಗಳು ಉಳಿಯುತ್ತವೆ. ಮೂರರಲ್ಲಿ ಯಾವುದನ್ನೂ ಕೊಡದಿದ್ದರೆ ಕೀಯೇ ತನ್ನೊಳಗಿನ ಸಮಸ್ತದೊಂದಿಗೆ ಹೋಗುತ್ತದೆ. ಅಂದರೆ ಒಂದು ಸ್ವಿಚ್ ಮರೆತರೆ ಕಮಾಂಡ್ ಎಚ್ಚರಿಸಿ ನಿಲ್ಲುವ ಬದಲು ಇನ್ನಷ್ಟು ದೊಡ್ಡದನ್ನು ಅಳಿಸುತ್ತದೆ. ಎನ್‌ಟಿ ವಂಶದ ಮೂಲ ಪ್ರೋಗ್ರಾಮಿಂಗ್ ಫಂಕ್ಷನ್ ‘ರೆಗ್‌ಡಿಲೀಟ್‌ಕೀ’ ಇಷ್ಟು ಉದಾರಿಯಾಗಿರಲಿಲ್ಲ. ಒಳಗೆ ಬೇರೆ ಕೀ ಇದ್ದರೆ ಅದು ಅಳಿಸಲು ಒಪ್ಪುವುದಿಲ್ಲ. ವಿಂಡೋಸ್ 95 ಮಾತ್ರ ಇಡೀ ಬುಡಸಮೇತ ಕಿತ್ತುಹಾಕುತ್ತಿತ್ತು. ರೆಗ್ ಕಮಾಂಡ್ ಎನ್‌ಟಿಯ ರಿಸೋರ್ಸ್ ಕಿಟ್‌ನಲ್ಲಿ ಹುಟ್ಟಿ 2001ರ ಎಕ್ಸ್‌ಪಿಯಲ್ಲಿ ವಿಂಡೋಸಿನ ಜೊತೆಗೇ ಬರತೊಡಗಿತು, ಈ ವಿಷಯದಲ್ಲಿ 95ರ ಗುಣವನ್ನೇ ತೋರಿಸುತ್ತದೆ. ‘/ಎಫ್’ ಇಲ್ಲದಿದ್ದರೆ ‘ಅಳಿಸಲೇ’ ಎಂದು ಒಮ್ಮೆ ಕೇಳುತ್ತದೆ. ಬ್ಯಾಚ್ ಫೈಲಿನಲ್ಲಿ ಆ ಪ್ರಶ್ನೆಗೆ ಉತ್ತರಿಸಲು ಯಾರೂ ಇರುವುದಿಲ್ಲವಾದ್ದರಿಂದ ಎಲ್ಲರೂ ‘/ಎಫ್’ ಹಾಕುತ್ತಾರೆ. ಇದ್ದ ಒಂದು ತಡೆಯೂ ಹೀಗೆ ಹೋಗುತ್ತದೆ.

ಅತ್ಯಂತ ಸರಳವಾದ ಬ್ಯಾಚ್ ಫೈಲೇ ಅತ್ಯಂತ ಸುರಕ್ಷಿತ: ಅಳಿಸಬೇಕಾದ ಒಂದೊಂದಕ್ಕೂ ಒಂದೊಂದು ಸಾಲು, ಪೂರ್ತಿ ಮಾರ್ಗದೊಂದಿಗೆ. ರಿಮೋಟ್ ಡೆಸ್ಕ್‌ಟಾಪ್ ಬಳಸುವವರ ಮಶೀನಿನಲ್ಲಿ ಹಿಂದೆ ಸೇರಿದ ಸರ್ವರುಗಳ ಹೆಸರು ಪಟ್ಟಿಯಾಗಿ ಉಳಿಯುತ್ತದಲ್ಲ, ಅದನ್ನು ತೆಗೆಯುವ ಪ್ರಸಿದ್ಧ ಸ್ಕ್ರಿಪ್ಟ್ ಇಂಥದ್ದು. ಬಳಕೆದಾರರ ಸಾಫ್ಟ್‌ವೇರ್ ಕೀಯಡಿ ಮೈಕ್ರೋಸಾಫ್ಟ್, ಅದರಡಿ ‘ಟರ್ಮಿನಲ್ ಸರ್ವರ್ ಕ್ಲೈಂಟ್’, ಅದರೊಳಗೆ ‘ಡೀಫಾಲ್ಟ್’ ಎಂಬ ಕೀ. ಎಂಆರ್‌ಯು0, ಎಂಆರ್‌ಯು1 ಎಂದು ಸಾಗುವ ವ್ಯಾಲ್ಯೂಗಳು ಅಲ್ಲಿವೆ. ಅದಕ್ಕೆ ‘/ವಿಎ’ ಸಾಕು. ಪಕ್ಕದ ‘ಸರ್ವರ್ಸ್’ ಕೀಯಲ್ಲಿ ಪ್ರತಿ ಸರ್ವರಿಗೂ ಒಂದು ಒಳಕೀ ಇದ್ದು ಬಳಕೆದಾರರ ಹೆಸರಿನ ಸುಳಿವು ಅದರಲ್ಲಿದೆ, ಅದನ್ನು ಕೀಸಹಿತ ಅಳಿಸಿ ಖಾಲಿ ಕೀಯನ್ನು ಮತ್ತೆ ಸೃಷ್ಟಿಸುತ್ತಾರೆ. ಡಾಕ್ಯುಮೆಂಟ್ಸ್‌ನಲ್ಲಿ ಅಡಗಿರುವ ಡೀಫಾಲ್ಟ್ ಡಾಟ್ ಆರ್‌ಡಿಪಿ ಫೈಲನ್ನೂ ತೆಗೆದರೆ ಕೆಲಸ ಪೂರ್ತಿ. ಇಲ್ಲಿ ಹುಡುಕಾಟವೇ ಇಲ್ಲ. ಮಾರ್ಗಗಳನ್ನು ಮನುಷ್ಯರೊಬ್ಬರು ನೋಡಿ, ಅರ್ಥಮಾಡಿಕೊಂಡು ಬರೆದಿದ್ದಾರೆ. ಸ್ಕ್ರಿಪ್ಟಿನ ಕೆಲಸ ಬರೀ ಪುನರಾವರ್ತನೆ, ಅದರಲ್ಲಿ ಅದು ನಮಗಿಂತ ನಿಖರ.

ತೊಡಕು ಶುರುವಾಗುವುದು ಮಾರ್ಗ ಮೊದಲೇ ಗೊತ್ತಿಲ್ಲದಾಗ. ರೆಗ್ ಡಿಲೀಟ್‌ಗೆ ನಕ್ಷತ್ರಚಿಹ್ನೆಯ ಅರ್ಥ ಗೊತ್ತಿಲ್ಲ, ‘ಅಬಕದಿಂದ ಶುರುವಾಗುವ ಎಲ್ಲ ಕೀ’ ಎಂದು ಹೇಳಲು ಬರುವುದಿಲ್ಲ. ಹಾಗಾಗಿ ‘ರೆಗ್ ಕ್ವೆರಿ’ಯಿಂದ ಹುಡುಕಿಸಿ, ಅದು ಕೊಟ್ಟ ಪಠ್ಯವನ್ನು ‘ಫಾರ್ /ಎಫ್’ ಲೂಪ್‌ನಿಂದ ಸಾಲುಸಾಲಾಗಿ ಓದಿಸಿ, ಪ್ರತಿ ಸಾಲನ್ನೂ ರೆಗ್ ಡಿಲೀಟ್‌ಗೆ ಕೊಡುವ ತಂತ್ರ ಬಳಕೆಗೆ ಬಂತು. ಮನುಷ್ಯರು ಓದಲೆಂದು ರೂಪಿಸಿದ ಪಠ್ಯವನ್ನು ಇಲ್ಲಿ ಆಜ್ಞೆಯ ಪಟ್ಟಿಯಾಗಿ ಬಳಸುತ್ತಿದ್ದೇವೆ. ಒಂದು ಕೀಯ ಒಳಕೀಗಳ ಪಟ್ಟಿ ಬೇಕೆಂದು ಕ್ವೆರಿ ಮಾಡಿದರೆ, ಆ ಕೀಯಲ್ಲಿ ವ್ಯಾಲ್ಯೂಗಳೂ ಇದ್ದಲ್ಲಿ, ಮೊದಲು ಅಚ್ಚಾಗುವುದು ಆ ಕೀಯದೇ ಹೆಸರು. ಆಮೇಲೆ ವ್ಯಾಲ್ಯೂಗಳು, ಕೊನೆಗೆ ಒಳಕೀಗಳು. ಲೂಪ್ ಮೊದಲ ಸಾಲನ್ನೇ ಎತ್ತಿಕೊಂಡು ತಂದೆ ಕೀಯನ್ನೇ ಅಳಿಸುತ್ತದೆ. ವ್ಯಾಲ್ಯೂ ಇಲ್ಲದ ಕೀಯ ಮೇಲೆ ಪರೀಕ್ಷಿಸಿದಾಗ ಆ ಸಾಲು ಬರುವುದಿಲ್ಲ, ಸ್ಕ್ರಿಪ್ಟ್ ಸರಿಯಾಗಿದೆ ಎನಿಸುತ್ತದೆ. ವ್ಯಾಲ್ಯೂ ಇರುವ ಇನ್ನೊಂದು ಮಶೀನಿಗೆ ಹೋದಾಗ ಎಲ್ಲವೂ ಹೋಗುತ್ತದೆ. ಪರೀಕ್ಷೆಯಲ್ಲಿ ಪಾಸಾಗಿ ಬಳಕೆಯಲ್ಲಿ ಕೈಕೊಡುವ ಇಂಥ ದೋಷಗಳೇ ನನಗೆ ಹೆಚ್ಚು ಭಯ ಹುಟ್ಟಿಸುತ್ತವೆ.

ರೆಗ್ ಕ್ವೆರಿಯಲ್ಲಿ ‘ಹುಡುಕು’ ಎಂಬ ಬೇರೆಯದೇ ಅರ್ಥವಿರುವ ‘/ಎಫ್’ನಿಂದ ಪದ ಹುಡುಕಿಸಿದರೆ ಕೊನೆಗೆ ‘ಹುಡುಕಾಟ ಮುಗಿಯಿತು, ಇಷ್ಟು ಸಿಕ್ಕಿತು’ ಎಂಬ ಸಾಲೂ ಬರುತ್ತದೆ, ಲೂಪ್ ಅದನ್ನೂ ಅಳಿಸಲು ಹೋಗುತ್ತದೆ. ಅದರಿಂದ ಹಾನಿಯಿಲ್ಲ, ಎರರ್ ಮಾತ್ರ. ತಂದೆ ಕೀ ಮತ್ತು ಮಗು ಕೀ ಎರಡೂ ಪಟ್ಟಿಯಲ್ಲಿದ್ದರೆ ತಂದೆ ಮೊದಲು ಹೋಗಿ, ಮಗುವಿನ ಸರದಿ ಬಂದಾಗ ‘ಕೀ ಸಿಗಲಿಲ್ಲ’ ಎಂಬ ಎರರ್ ಬರುತ್ತದೆ. ಹೀಗೆ ನಿರುಪದ್ರವಿ ಎರರುಗಳಿಂದ ಪರದೆ ತುಂಬಿದಾಗ ನಾವು ಎರರನ್ನೇ ಕಡೆಗಣಿಸಲು ಕಲಿಯುತ್ತೇವೆ, ಅದು ನಿಜವಾದ ಹಾನಿ. ರೆಗ್ ಕಮಾಂಡ್ ಯಶಸ್ವಿಯಾದರೆ 0, ವಿಫಲವಾದರೆ 1 ಎಂಬ ಸಂಖ್ಯೆ ಕೊಡುತ್ತದೆ. ಕೀ ಮೊದಲೇ ಇಲ್ಲದಿದ್ದರೂ 1, ಅನುಮತಿ ಸಿಗದಿದ್ದರೂ 1. ಮೊದಲನೆಯದು ಸಂತೋಷದ ಸುದ್ದಿ, ಎರಡನೆಯದು ಕೆಲಸ ಆಗಿಲ್ಲವೆಂಬ ಸುದ್ದಿ. ಸಂಖ್ಯೆಯಷ್ಟನ್ನೇ ನೋಡುವ ಸ್ಕ್ರಿಪ್ಟಿಗೆ ಎರಡೂ ಒಂದೇ. ಅದಕ್ಕೇ ಅಳಿಸುವ ಮೊದಲು ಒಮ್ಮೆ, ಅಳಿಸಿದ ಮೇಲೆ ಒಮ್ಮೆ ಕ್ವೆರಿ ಮಾಡಬೇಕು.

ಇನ್ನು ಬ್ಯಾಚ್ ಭಾಷೆಯ ಸ್ವಂತ ವಕ್ರತೆಗಳು. ಪುಟ್ಟಿ ಎಂಬ ಪ್ರೋಗ್ರಾಂ ತನ್ನ ಸೆಷನ್ನುಗಳ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ರಿಜಿಸ್ಟ್ರಿಯಲ್ಲಿ ಅದನ್ನು %20 ಎಂದು ಬರೆದಿಡುತ್ತದೆ. ಆ ಹೆಸರನ್ನು ಹಾಗೆಯೇ ಬ್ಯಾಚ್ ಫೈಲಿಗೆ ನಕಲಿಸಿದರೆ ಬ್ಯಾಚ್ ಫೈಲನ್ನು ನಡೆಸುವ ಸಿಎಂಡಿ ಅದನ್ನು ‘ಎರಡನೆಯ ಆರ್ಗ್ಯುಮೆಂಟ್, ಆಮೇಲೊಂದು ಸೊನ್ನೆ’ ಎಂದು ಓದುತ್ತದೆ. ಶೇಕಡಾ ಚಿಹ್ನೆಯನ್ನು ಎರಡು ಸಲ ಬರೆಯಬೇಕು. (ಪುಟ್ಟಿಯ ಗುರುತುಗಳನ್ನೆಲ್ಲ ತೆಗೆಯಲು ಅದಕ್ಕೇ ‘ಕ್ಲೀನಪ್’ ಎಂಬ ಸ್ವಿಚ್ ಇದೆ, ಸ್ಕ್ರಿಪ್ಟ್ ಬರೆಯುವ ಮೊದಲು ಇಂಥದ್ದಿದೆಯೇ ಎಂದು ನೋಡುವುದು ಒಳ್ಳೆಯದು.) ಡಿಲೇಡ್ ಎಕ್ಸ್‌ಪಾನ್ಷನ್ ಹಚ್ಚಿದ್ದರೆ ಹೆಸರಿನಲ್ಲಿರುವ ಆಶ್ಚರ್ಯಚಿಹ್ನೆ ಸದ್ದಿಲ್ಲದೆ ಕಾಣೆಯಾಗುತ್ತದೆ. ಎಲ್ಲ ಬಗೆಯ ಫೈಲುಗಳಿಗೂ ಅನ್ವಯಿಸುವ ರೈಟ್-ಕ್ಲಿಕ್ ಮೆನುಗಳು ಇರುವ ಕೀಯ ಹೆಸರೇ ಒಂದು ನಕ್ಷತ್ರಚಿಹ್ನೆ. ಅದಿರುವ ಮಾರ್ಗವನ್ನು ಸಾದಾ ಫಾರ್ ಲೂಪಿನ ಪಟ್ಟಿಯಲ್ಲಿ ಬರೆದರೆ ಸಿಎಂಡಿ ಅದನ್ನು ಫೈಲುಗಳ ಹೆಸರೆಂದು ಭಾವಿಸಿ ಹುಡುಕಿ, ಸಿಗದೆ, ಆ ಸಾಲನ್ನೇ ಬಿಟ್ಟುಬಿಡುತ್ತದೆ, ಎರರೂ ಇಲ್ಲ. ವೇರಿಯಬಲ್ ಒಂದು ಖಾಲಿಯಾಗಿದ್ದರೆ ಮಾರ್ಗ ಮೊಟಕಾಗಿ, ನಾವು ಬಯಸದ ಮೇಲಿನ ಹಂತಕ್ಕೆ ಬೆರಳು ತೋರಿಸಬಹುದು. ವೇರಿಯಬಲ್ ತುಂಬಿದೆಯೇ ಎಂದು ಅಳಿಸುವ ಪ್ರತಿ ಸ್ಕ್ರಿಪ್ಟೂ ಮೊದಲ ಸಾಲುಗಳಲ್ಲೇ ಕೇಳಿಕೊಳ್ಳಬೇಕು.

ಕನ್ನಡ ಬಳಸುವವರಿಗೆ ಹತ್ತಿರದ ಉದಾಹರಣೆ ಕೀಬೋರ್ಡ್ ಲೇಔಟುಗಳದು. ಬೇಡದ ಲೇಔಟೊಂದು ಭಾಷಾ ಪಟ್ಟಿಯಲ್ಲಿ ಅಂಟಿಕೊಂಡು, ಸೆಟ್ಟಿಂಗ್ಸ್‌ನಿಂದ ತೆಗೆದರೂ ಹೋಗದಿದ್ದಾಗ ಜನ ‘ಕೀಬೋರ್ಡ್ ಲೇಔಟ್’ ಕೀಯ ಒಳಗಿನ ‘ಪ್ರೀಲೋಡ್’ಗೆ ಬರುತ್ತಾರೆ. ಅಲ್ಲಿ ವ್ಯಾಲ್ಯೂಗಳ ಹೆಸರು ಬರೀ 1, 2, 3. ಯಾವ ಭಾಷೆಯೆಂಬುದು ಡೇಟಾದಲ್ಲಿದೆ: ಕನ್ನಡಕ್ಕೆ 0000044ಬಿ, ಅಮೆರಿಕದ ಇಂಗ್ಲಿಷಿಗೆ 00000409, ಭಾರತದ ಇಂಗ್ಲಿಷಿಗೆ 00004009. ಒಬ್ಬರ ಮಶೀನಿನಲ್ಲಿ ಕನ್ನಡ 2 ಆಗಿದ್ದರೆ ಇನ್ನೊಬ್ಬರಲ್ಲಿ 1, ಹಾಗಾಗಿ ‘2 ಅನ್ನು ಅಳಿಸು’ ಎಂಬ ಸ್ಕ್ರಿಪ್ಟ್ ಕಚೇರಿಯ ಎಲ್ಲ ಮಶೀನುಗಳಿಗೆ ನಡೆಯದು. ಡೇಟಾದಿಂದ ಹುಡುಕಬೇಕು, ಅದೂ ಪೂರ್ತಿ ಹೊಂದಾಣಿಕೆ ಕೇಳುವ ‘/ಇ’ ಸ್ವಿಚ್ ಹಾಕಿ. ‘09’ ಎಂದಷ್ಟೇ ಹುಡುಕಿದರೆ ಎರಡೂ ಇಂಗ್ಲಿಷ್ ಸಿಗುತ್ತವೆ. ಲಾಗಿನ್ ಪರದೆಗೆ ಬೇರೆಯದೇ ಪ್ರೀಲೋಡ್ ಇದೆ, ‘ಎಚ್‌ಕೆ ಯೂಸರ್ಸ್’ ಅಡಿಯ ಡಾಟ್ ಡೀಫಾಲ್ಟ್‌ನಲ್ಲಿ. ಕೀಯ ಹೆಸರಿನಲ್ಲೋ ಡೇಟಾದಲ್ಲೋ ಕನ್ನಡ ಅಕ್ಷರಗಳೇ ಇದ್ದರೆ ಇನ್ನೊಂದು ತೊಡಕು: ಸಿಎಂಡಿಯ ಹಳೆಯ ಕೋಡ್ ಪೇಜುಗಳಲ್ಲಿ ಕನ್ನಡಕ್ಕೆ ಜಾಗವಿಲ್ಲ. ಲೂಪಿಗೆ ತಲುಪುವಾಗ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿರುತ್ತವೆ, ಅಂಥ ಹೆಸರಿನ ಕೀ ರಿಜಿಸ್ಟ್ರಿಯಲ್ಲಿ ಇರುವುದಿಲ್ಲ. ಕನ್ನಡ ಹೆಸರುಗಳೊಂದಿಗೆ ಕೆಲಸವಿದ್ದರೆ ಬ್ಯಾಚ್ ಬಿಟ್ಟು ಪವರ್‌ಶೆಲ್‌ಗೆ ಹೋಗುವುದೇ ಸರಿ, ಒಳಗೆಲ್ಲ ಅದು ಯೂನಿಕೋಡ್.

ಯಾರ ರಿಜಿಸ್ಟ್ರಿ ಎಂಬ ಪ್ರಶ್ನೆಯೂ ಅಷ್ಟೇ ದೊಡ್ಡದು. ‘ಎಚ್‌ಕೆಸಿಯು’ ಎಂದರೆ ಈಗ ಸ್ಕ್ರಿಪ್ಟ್ ನಡೆಸುತ್ತಿರುವ ಖಾತೆಯ ಭಾಗ. ಸಾಮಾನ್ಯ ಬಳಕೆದಾರರ ಮಶೀನಿನಲ್ಲಿ ಕುಳಿತು ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಸ್ಕ್ರಿಪ್ಟ್ ನಡೆಸಿದರೆ ಅಡ್ಮಿನ್ನಿನ ಭಾಗ ಸ್ವಚ್ಛವಾಗುತ್ತದೆ, ತೊಂದರೆಯಲ್ಲಿದ್ದವರದು ಹಾಗೆಯೇ ಇರುತ್ತದೆ. ಗ್ರೂಪ್ ಪಾಲಿಸಿಯ ಸ್ಟಾರ್ಟಪ್ ಸ್ಕ್ರಿಪ್ಟ್ ಓಡುವುದು ಸಿಸ್ಟಂ ಖಾತೆಯಲ್ಲಿ, ಅದರ ಎಚ್‌ಕೆಸಿಯುವನ್ನು ಯಾವ ಮನುಷ್ಯರೂ ಬಳಸುವುದಿಲ್ಲ. ಎಲ್ಲರದನ್ನೂ ತೆಗೆಯಬೇಕಾದರೆ ಲಾಗಿನ್ ಆದವರನ್ನು ಎಸ್-1-5-21ರಿಂದ ಶುರುವಾಗುವ ಅವರ ಎಸ್‌ಐಡಿ ಎಂಬ ಖಾತೆಯ ಗುರುತಿನ ಮೂಲಕ ಹಿಡಿಯಬೇಕು. ಆಗದವರ ಎನ್‌ಟಿಯೂಸರ್ ಫೈಲನ್ನು ‘ರೆಗ್ ಲೋಡ್’ ಮಾಡಿ, ಅಳಿಸಿ, ತಪ್ಪದೆ ‘ಅನ್‌ಲೋಡ್’ ಮಾಡಬೇಕು. ಹೊಸದಾಗಿ ಬರುವವರಿಗೆ ಅಚ್ಚಾಗಿರುವ ಡೀಫಾಲ್ಟ್ ಪ್ರೊಫೈಲನ್ನು ಹೆಚ್ಚಿನವರು ಮರೆಯುತ್ತಾರೆ. 64 ಬಿಟ್ ವಿಂಡೋಸಿನಲ್ಲಿ 32 ಬಿಟ್ ಪ್ರೋಗ್ರಾಮುಗಳ ಮಾಹಿತಿ ‘ವಾವ್6432ನೋಡ್’ ಅಡಿ ಬೇರೆಯಾಗಿ ಕೂತಿರುವುದರಿಂದ ಎರಡೂ ನೋಟಗಳನ್ನು ಸ್ವಿಚ್ ಕೊಟ್ಟು ಸ್ಪಷ್ಟವಾಗಿ ಕೇಳಬೇಕಾಗುತ್ತದೆ. ‘ಎಚ್‌ಕೆಸಿಆರ್’ ಅಂತೂ ಸ್ವತಂತ್ರ ಜಾಗವೇ ಅಲ್ಲ, ಮಶೀನಿನ ಕ್ಲಾಸಸ್ ಮತ್ತು ಬಳಕೆದಾರರ ಕ್ಲಾಸಸ್ ಎರಡನ್ನೂ ಬೆರೆಸಿ ತೋರಿಸುವ ನೋಟ. ಒಂದು ಕಡೆಯದು ಅಳಿದರೆ ಇನ್ನೊಂದು ಕಡೆಯದು ಅದೇ ಜಾಗದಲ್ಲಿ ಕಾಣುತ್ತದೆ, ‘ಅಳಿಸಿದರೂ ಮತ್ತೆ ಬರುತ್ತಿದೆ’ ಎಂಬ ದೂರುಗಳಲ್ಲಿ ಹಲವು ಇದರಿಂದ ಹುಟ್ಟಿದವು.

ಬ್ಯಾಚ್ ಅಲ್ಲದ ದಾರಿಗಳೂ ಇವೆ. ಡಾಟ್ ರೆಗ್ ಫೈಲಿನಲ್ಲಿ ಚೌಕ ಆವರಣದೊಳಗೆ ಕೀಯ ಹೆಸರಿನ ಮುಂದೆ ಮೈನಸ್ ಹಾಕಿದರೆ ಕೀ ಅಳಿಯುತ್ತದೆ, ವ್ಯಾಲ್ಯೂವಿನ ಸಮಚಿಹ್ನೆಯ ಬಳಿಕ ಮೈನಸ್ ಹಾಕಿದರೆ ವ್ಯಾಲ್ಯೂ ಅಳಿಯುತ್ತದೆ. ಲೂಪ್ ಇಲ್ಲ, ವೇರಿಯಬಲ್ ಇಲ್ಲ, ಬರೆದದ್ದೇ ಆಗುತ್ತದೆ. ಗೊತ್ತಿರುವ ಪಟ್ಟಿಯನ್ನು ಅಳಿಸಲು ನಾನು ಬ್ಯಾಚಿಗಿಂತ ಇದನ್ನೇ ಮೆಚ್ಚುತ್ತೇನೆ, ಏಕೆಂದರೆ ಫೈಲನ್ನು ತೆರೆದು ಓದಿದವರಿಗೆ ಏನಾಗುತ್ತದೆಂಬುದು ಪೂರ್ತಿ ಕಾಣುತ್ತದೆ. ಡೊಮೇನಿನಲ್ಲಿರುವ ನೂರಾರು ಮಶೀನುಗಳಿಗೆ ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನ ರಿಜಿಸ್ಟ್ರಿ ಐಟಂನಲ್ಲಿ ‘ಡಿಲೀಟ್’ ಆಯ್ಕೆ ಇದೆ, ವಿಂಡೋಸ್ ಸರ್ವರ್ 2008ರ ಜೊತೆ ಬಂದದ್ದು. ಪವರ್‌ಶೆಲ್‌ನಲ್ಲಿ ‘ರಿಮೂವ್ ಐಟಂ’, ‘ರಿಮೂವ್ ಐಟಂ ಪ್ರಾಪರ್ಟಿ’ ಇವೆ. ಅದರ ನಿಜವಾದ ಕೊಡುಗೆ ‘ವಾಟ್ ಇಫ್’ ಸ್ವಿಚ್: ಏನೇನು ಅಳಿಯುತ್ತದೆಂದು ಹೇಳುತ್ತದೆ, ಅಳಿಸುವುದಿಲ್ಲ. ಬ್ಯಾಚಿನಲ್ಲಿ ನಾವೇ ಕಟ್ಟಿಕೊಳ್ಳಬೇಕಾದ ತಾಲೀಮು ಇಲ್ಲಿ ಸಿದ್ಧವಾಗಿದೆ. ಆದರೆ ಮೇಲೆ ಹೇಳಿದ ನಕ್ಷತ್ರದ ಹೆಸರಿನ ಕೀ ಇಲ್ಲಿ ಉಲ್ಟಾ ಹೊಡೆಯುತ್ತದೆ. ಸಿಎಂಡಿ ಅದನ್ನು ಬಿಟ್ಟುಬಿಟ್ಟರೆ ಪವರ್‌ಶೆಲ್ ‘ಎಲ್ಲ ಕೀಗಳೂ’ ಎಂದು ಅರ್ಥ ಮಾಡಿಕೊಳ್ಳುತ್ತದೆ. ‘ಲಿಟರಲ್ ಪಾತ್’ ಎಂದು ಸ್ಪಷ್ಟವಾಗಿ ಹೇಳದೆ ಅಲ್ಲಿ ಕೈಹಾಕಬಾರದು.

ಪೆನ್‌ಡ್ರೈವ್ ವೈರಸ್‌ಗಳ ಹಾವಳಿಯ ದಿನಗಳಲ್ಲಿ ಬ್ರೌಸಿಂಗ್ ಸೆಂಟರುಗಳೂ ಕಾಲೇಜು ಲ್ಯಾಬುಗಳೂ ಇಂಥ ಸ್ಕ್ರಿಪ್ಟುಗಳನ್ನು ತುಂಬ ಅವಲಂಬಿಸಿದ್ದವು. ವೈರಸ್ ‘ಪಾಲಿಸೀಸ್’ ಕೀಯಲ್ಲಿ ಟಾಸ್ಕ್ ಮ್ಯಾನೇಜರ್ ಬಂದ್, ಫೋಲ್ಡರ್ ಆಪ್ಷನ್ಸ್ ಬಂದ್, ರಿಜಿಸ್ಟ್ರಿ ಎಡಿಟರ್ ಬಂದ್ ಎಂದು ಬರೆದಿಡುತ್ತಿತ್ತು. ‘ಇಮೇಜ್ ಫೈಲ್ ಎಕ್ಸಿಕ್ಯೂಷನ್ ಆಪ್ಷನ್ಸ್’ ಅಡಿ ಹತ್ತಾರು ಆಂಟಿವೈರಸ್‌ಗಳ ಹೆಸರಿನ ಕೀ ಸೃಷ್ಟಿಸಿ ‘ಡಿಬಗ್ಗರ್’ ವ್ಯಾಲ್ಯೂ ಹಾಕಿ ಅವು ಏಳದಂತೆ ಮಾಡುವ ಜಾತಿಯೂ ಇತ್ತು. ಹತ್ತಾರು ನಮೂದು, ಹತ್ತಾರು ಮಶೀನು: ಸ್ಕ್ರಿಪ್ಟಿಗೆ ಹೇಳಿಮಾಡಿಸಿದ ಕೆಲಸ. ರಿಜಿಸ್ಟ್ರಿ ಎಡಿಟಿಂಗನ್ನೇ ಬಂದ್ ಮಾಡಿದ್ದರೆ ರೆಗ್ ಕಮಾಂಡೂ ನಡೆಯದು. ಆಗ ‘ಡೆಲ್‌ರೆಗ್’ ಭಾಗವಿರುವ ಐಎನ್‌ಎಫ್ ಫೈಲನ್ನು ರೈಟ್-ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡುವುದು, ಇಲ್ಲವೇ ವಿಬಿಸ್ಕ್ರಿಪ್ಟಿನಿಂದ ಆ ತಡೆಯನ್ನು ಮೊದಲು ತೆಗೆಯುವುದು ಬಳಕೆಯಲ್ಲಿತ್ತು. ಗಮನಿಸಬೇಕಾದ್ದು, ಆ ಇಮೇಜ್ ಫೈಲ್ ಕೀಯಡಿ ಸಾಚಾ ನಮೂದುಗಳೂ ಇರುತ್ತವೆ. ಒಳ್ಳೆಯ ಸ್ಕ್ರಿಪ್ಟುಗಳು ಡಿಬಗ್ಗರ್ ಎಂಬ ವ್ಯಾಲ್ಯೂವನ್ನಷ್ಟೇ ತೆಗೆದವು, ಒರಟಾದವು ಇಡೀ ಕೀಯನ್ನೇ ಬೋಳಿಸಿದವು.

ಅಳಿಸಿದರೆ ಕಂಪ್ಯೂಟರ್ ವೇಗವಾಗುತ್ತದೆ ಎಂಬ ನಂಬಿಕೆಯೂ ಈ ಸ್ಕ್ರಿಪ್ಟುಗಳ ಹಿಂದೆ ಕೆಲಸ ಮಾಡಿದೆ. ವಿಂಡೋಸ್ 2000ದವರೆಗೆ ರಿಜಿಸ್ಟ್ರಿಯ ಗಾತ್ರಕ್ಕೆ ಮಿತಿ ಇತ್ತು, ಅದು ತುಂಬಿದರೆ ತೊಂದರೆಯೂ ಇತ್ತು. ಎಕ್ಸ್‌ಪಿಯಲ್ಲಿ ಆ ಮಿತಿ ಹೋಯಿತು. ಕೀಯನ್ನು ಅಳಿಸಿದಾಗ ಹೈವ್ ಫೈಲಿನಲ್ಲಿ ಆ ಜಾಗ ‘ಖಾಲಿ’ ಎಂದು ಗುರುತಾಗುತ್ತದೆ, ಗಾತ್ರದ ಸಂಖ್ಯೆ ಋಣದಿಂದ ಧನಕ್ಕೆ ಬದಲಾಗುತ್ತದೆ, ಅಷ್ಟೇ. ಫೈಲ್ ಕೂಡಲೇ ಚಿಕ್ಕದಾಗುವುದಿಲ್ಲ. ಹಳೆಯ ಡೇಟಾ ಅಲ್ಲೇ ಇರುತ್ತದೆ, ಅಪರಾಧ ತನಿಖೆಯ ಪರಿಣತರು ಅದನ್ನು ಹೊರತೆಗೆಯುತ್ತಾರೆ. ಲಕ್ಷಾಂತರ ಕೀಗಳ ನಡುವಿಂದ ಕೆಲವು ನೂರನ್ನು ತೆಗೆದರೆ ಹುಡುಕಾಟದ ವೇಗದಲ್ಲಿ ಗೊತ್ತಾಗುವಂಥ ವ್ಯತ್ಯಾಸ ಬರದು. ರಿಜಿಸ್ಟ್ರಿ ಕ್ಲೀನರುಗಳ ಬಳಕೆಗೆ ತನ್ನ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ಬರೆದೇ ಹೇಳಿದೆ. ಅದರದೇ ‘ವಿಂಡೋಸ್ ಇನ್‌ಸ್ಟಾಲರ್ ಕ್ಲೀನಪ್ ಯುಟಿಲಿಟಿ’ ಅರ್ಧಕ್ಕೆ ನಿಂತ ಇನ್‌ಸ್ಟಾಲ್‌ಗಳ ನಮೂದುಗಳನ್ನು ತೆಗೆಯಲೆಂದೇ ಇದ್ದದ್ದು. ಬೇರೆ ಭಾಗಗಳಿಗೂ ಹಾನಿ ಮಾಡುತ್ತಿದ್ದುದರಿಂದ 2010ರಲ್ಲಿ ಅದನ್ನು ಹಿಂತೆಗೆದರು. ವ್ಯವಸ್ಥೆಯನ್ನು ಕಟ್ಟಿದವರಿಗೇ ಯಾವುದು ಕಸ, ಯಾವುದು ಕೆಲಸದ್ದು ಎಂದು ಯಂತ್ರದಿಂದ ವಿಂಗಡಿಸಲು ಆಗಲಿಲ್ಲ ಎಂಬುದು ಚಿಕ್ಕ ವಿಷಯವಲ್ಲ. ಸರ್ವಿಸ್ ತೆಗೆಯಲು ‘ಎಸ್‌ಸಿ ಡಿಲೀಟ್’, ಸಾಫ್ಟ್‌ವೇರ್ ತೆಗೆಯಲು ಅದರ ಅನ್‌ಇನ್‌ಸ್ಟಾಲರ್, ಶೆಡ್ಯೂಲ್ ಮಾಡಿದ ಕೆಲಸಕ್ಕೆ ‘ಎಸ್‌ಸಿಎಚ್‌ಟಾಸ್ಕ್ಸ್’ ಇರುವಾಗ ಅವುಗಳ ರಿಜಿಸ್ಟ್ರಿ ಕೀಗಳನ್ನು ನೇರವಾಗಿ ಅಳಿಸಲು ಕಾರಣವಿಲ್ಲ.

ಅಳಿಸಲೇಬೇಕಾದಾಗ ಸ್ಕ್ರಿಪ್ಟನ್ನು ಎರಡಾಗಿ ಒಡೆಯಬೇಕೆಂಬುದು ನನ್ನ ಖಚಿತ ನಿಲುವು. ಮೊದಲನೆಯದು ಹುಡುಕಿ, ‘ಎಚ್‌ಕೀ’ಯಿಂದ ಶುರುವಾಗುವ ಸಾಲುಗಳನ್ನಷ್ಟೇ ಸೋಸಿ, ಒಂದು ಪಠ್ಯ ಫೈಲಿಗೆ ಬರೆದು ನಿಲ್ಲಲಿ. ಆ ಪಟ್ಟಿಯನ್ನು ಮನುಷ್ಯರೊಬ್ಬರು ಕಣ್ಣಿಟ್ಟು ಓದಿ ಬೇಡದ ಸಾಲು ತೆಗೆಯಲಿ. ಎರಡನೆಯದು ಹುಡುಕುವ ಗೋಜಿಗೆ ಹೋಗದೆ ಆ ಪಟ್ಟಿಯ ಒಂದೊಂದನ್ನೂ ಮೊದಲು ಎಕ್ಸ್‌ಪೋರ್ಟ್ ಮಾಡಿ, ಎಕ್ಸ್‌ಪೋರ್ಟ್ ಯಶಸ್ವಿಯಾದರೆ ಮಾತ್ರ ಅಳಿಸಿ, ಫಲಿತಾಂಶವನ್ನು ಲಾಗ್ ಫೈಲಿಗೆ ಬರೆಯಲಿ. ಅಪ್ಪರ್‌ಫಿಲ್ಟರ್ಸ್ ಪಟ್ಟಿಯಲ್ಲಿ ಕೀಬೋರ್ಡಿನ ಕ್ಲಾಸ್ ಬಂದಿದ್ದರೆ, ಓದುವವರ ಕಣ್ಣಿಗೆ ಬೀಳುವುದು ಈ ನಡುವಿನ ಹಂತದಲ್ಲೇ. ಬ್ಯಾಚಿನಲ್ಲಿ ‘ಎಲ್ಲವೂ ಆಗಲಿ, ಇಲ್ಲವೇ ಯಾವುದೂ ಬೇಡ’ ಎಂಬ ವ್ಯವಸ್ಥೆ ಇಲ್ಲ, ರಿಜಿಸ್ಟ್ರಿ ಎಡಿಟರಿನಲ್ಲಿ ಅನ್‌ಡೂ ಇಲ್ಲ. ಅರ್ಧದಲ್ಲಿ ನಿಂತರೆ ಎಲ್ಲಿ ನಿಂತಿತೆಂದು ಹೇಳಲು ಉಳಿಯುವುದು ಆ ಲಾಗ್ ಒಂದೇ.

ಬ್ಯಾಕಪ್ಪಿನ ವಿಷಯದಲ್ಲಿ ಹಳೆಯ ಧೈರ್ಯಗಳು ಈಗ ನಡೆಯುವುದಿಲ್ಲ. ಕಾನ್ಫಿಗ್ ಫೋಲ್ಡರಿನ ಒಳಗಿನ ‘ರೆಗ್‌ಬ್ಯಾಕ್’ನಲ್ಲಿ ವಿಂಡೋಸ್ ತಾನಾಗಿಯೇ ಹೈವ್‌ಗಳ ಪ್ರತಿ ಇಡುತ್ತಿತ್ತು, ವಿಂಡೋಸ್ 10ರ 1803 ಆವೃತ್ತಿಯಿಂದ ಅದು ನಿಂತಿದೆ. ಫೋಲ್ಡರಿನಲ್ಲಿ ಫೈಲುಗಳು ಕಂಡರೂ ಗಾತ್ರ ಸೊನ್ನೆ. ಡಿಸ್ಕಿನ ಜಾಗ ಉಳಿಸಲು ಬೇಕೆಂದೇ ಹಾಗೆ ಮಾಡಿದ್ದೆಂದು ಮೈಕ್ರೋಸಾಫ್ಟ್ ತಿಳಿಸಿದೆ. ‘ಸೆಷನ್ ಮ್ಯಾನೇಜರ್’ನ ‘ಕಾನ್ಫಿಗರೇಷನ್ ಮ್ಯಾನೇಜರ್’ ಕೀಯಲ್ಲಿ ‘ಎನೇಬಲ್‌ಪೀರಿಯಾಡಿಕ್‌ಬ್ಯಾಕಪ್’ಗೆ 1 ಕೊಟ್ಟು ರೀಸ್ಟಾರ್ಟ್ ಮಾಡಿದರೆ ಅದು ಮತ್ತೆ ಚಾಲೂ ಆಗುತ್ತದೆ. ಸಿಸ್ಟಂ ರಿಸ್ಟೋರ್ ಅನೇಕ ಮಶೀನುಗಳಲ್ಲಿ ಆಫ್ ಆಗಿರುತ್ತದೆ, ನೋಡಿಕೊಳ್ಳಬೇಕು. ಎಕ್ಸ್‌ಪೋರ್ಟ್ ಮಾಡಿದ ಡಾಟ್ ರೆಗ್ ಫೈಲಿಗೂ ಮಿತಿಯಿದೆ: ಕೀಗಳೂ ವ್ಯಾಲ್ಯೂಗಳೂ ಮರಳುತ್ತವೆ, ಆ ಕೀಗಳ ಮೇಲೆ ಯಾರಿಗೆ ಯಾವ ಅನುಮತಿ ಇತ್ತೆಂಬುದು ಮರಳುವುದಿಲ್ಲ. ಸರ್ವಿಸ್‌ಗಳ, ಭದ್ರತೆಯ ಕೀಗಳ ಜೊತೆ ವ್ಯವಹರಿಸುವಾಗ ‘ರೆಗ್ ಸೇವ್’ನಿಂದ ಹೈವ್ ರೂಪದಲ್ಲೇ ಪ್ರತಿ ತೆಗೆದಿಟ್ಟರೆ ಅನುಮತಿಗಳೂ ಜೊತೆಗಿರುತ್ತವೆ. ಅದು ಓದಲು ಬರುವ ಪಠ್ಯವಲ್ಲವಾದ್ದರಿಂದ ಎರಡೂ ಬಗೆಯ ಪ್ರತಿಯನ್ನು, ಅಳಿಸಲಿರುವ ಮಶೀನಿನ ಹೊರಗೆ, ಇಟ್ಟುಕೊಳ್ಳುವುದು ಲೇಸು.